ಎಡಗೈ ಗಿಟಾರಿನ ಮರ

ಕಸ್ಟಮ್ಸ್ ಕಚೇರಿಯಿಂದ ಬಂದ ಫಾರಂನ ಮೂರನೇ ಕಾಲಂನಲ್ಲಿ ‘ವಸ್ತು ಯಾವುದರಿಂದ ತಯಾರಾಗಿದೆ’ ಎಂದು ಕೇಳಿದ್ದರು. ತಲೆ ನೆಟ್ಟಗಿರುವ ಯಾರೇ ಆಗಿದ್ದರೂ ‘ಮರ’ ಎಂದು ಎರಡಕ್ಷರ ಬರೆದು ಕೈತೊಳೆದುಕೊಳ್ಳುತ್ತಿದ್ದರು. ನಾನು ಬಡಗಿ. ಯಾವ ಮರ ಎಂದು ಹೇಳದೆ ಬರೀ ಮರ ಎಂದು ಬರೆಯಲು ನನ್ನ ಕೈ ಏಳಲಿಲ್ಲ. ಫೋನಿನಲ್ಲಿ, ಹೊರದೇಶದಿಂದ ತರಿಸುತ್ತಿದ್ದ ಗಿಟಾರಿನ ಚಿತ್ರವನ್ನು ದೊಡ್ಡದು ಮಾಡಿದೆ, ಮರದ ಎಳೆ ಹೋದ ದಿಕ್ಕು ನೋಡಿದೆ, ಬಣ್ಣ ನೋಡಿದೆ. ಆಮೇಲೆ ದುಂಡಗಿನ ಅಕ್ಷರದಲ್ಲಿ ಬರೆದೆ: ಒಡಲು ಪಾಪ್ಲರ್, ಕುತ್ತಿಗೆ ಮೇಪಲ್, ಕುತ್ತಿಗೆಯ ಮೇಲಿನ ಪಟ್ಟಿ ಬೀಟೆ. ಬರೆದಾದ ಮೇಲೆ ಇನ್ನೊಮ್ಮೆ ಓದಿ ಬೀಗಿದೆ ಕೂಡ. ಕಚೇರಿಯವರೂ ನೋಡಲಿ, ವಿಷಯ ಗೊತ್ತಿದ್ದವನು ಬರೆದದ್ದು ಹೇಗಿರುತ್ತದೆ ಎಂದು!

ನೋಡಿದರು. ಹತ್ತು ದಿನಕ್ಕೆ ನೋಟಿಸು ಬಂತು. ಬೀಟೆ ರಕ್ಷಿತ ಮರ, ಗಡಿ ದಾಟಿ ಬರಬೇಕಾದರೆ ಕಳಿಸಿದ ದೇಶದ ಅರಣ್ಯ ಇಲಾಖೆಯ ಪ್ರಮಾಣಪತ್ರ ಬೇಕು, ಪತ್ರವಿಲ್ಲದಿದ್ದರೆ ವಸ್ತುವನ್ನು ಜಪ್ತಿ ಮಾಡಿ ನಾಶಪಡಿಸಲಾಗುವುದು ಎಂದು ಅದರಲ್ಲಿತ್ತು. ‘ನಾಶಪಡಿಸಲಾಗುವುದು’ ಎನ್ನುವ ಪದವನ್ನು ನಾನು ನಿಂತಲ್ಲೇ ನಾಲ್ಕು ಸಲ ಓದಿದೆ. ಮಾರಿದವನಿಗೆ ಬರೆದರೆ ಅವನು ನಗುವ ಮುಖದ ಚಿತ್ರವೊಂದನ್ನು ಕಳಿಸಿ, ಮುಂದಿನ ಖರೀದಿಗೆ ರಿಯಾಯಿತಿ ಕೊಡುತ್ತೇನೆ ಎಂದ. ಅವನ ಮನೆ ಹಾಳಾಗ.

ಆ ಗಿಟಾರ್ ನನಗಲ್ಲ. ನಾನು ಸಂಗೀತದಲ್ಲಿ ಶುದ್ಧ ಕಲ್ಲು. ಅದು ನನ್ನ ತಮ್ಮನಿಗೆ. ಅವನು ಎಂಟು ತಿಂಗಳಿಂದ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಜಗಳವಿಲ್ಲ, ಬೈಗುಳವಿಲ್ಲ, ಮುಖ ಗಂಟು ಹಾಕುವುದೂ ಇಲ್ಲ. ಒಂದೇ ಮನೆ, ಒಂದೇ ವರ್ಕ್‌ಶಾಪು. ನಾನು ಊಟದ ಹೊತ್ತಿನಲ್ಲಿ ಉಪ್ಪು ಕೇಳಿದರೆ ಉಪ್ಪಿನ ಡಬ್ಬಿ ನನ್ನ ಕಡೆ ಜರುಗುತ್ತದೆ, ಮಾತು ಮಾತ್ರ ಬರುವುದಿಲ್ಲ. ಏನಾದರೂ ಹೇಳಲೇಬೇಕಾದಾಗ ಅಮ್ಮನ ಕಡೆ ತಿರುಗಿ ‘ಅವನಿಗೆ ಹೇಳು’ ಎನ್ನುತ್ತಾನೆ. ಅಣ್ಣ ಎನ್ನುವ ಶಬ್ದ ಅವನ ಬಾಯಲ್ಲಿ ಕೇಳಿ ನನಗೆ ಎಂಟು ತಿಂಗಳಾಯಿತು.

ಕಾರಣ ನನಗೆ ಗೊತ್ತು. ಅವನಿಗೂ ಗೊತ್ತು. ಗೊತ್ತಿಲ್ಲದವರು ಅಪ್ಪ ಅಮ್ಮ.

ವರ್ಕ್‌ಶಾಪು ಅಪ್ಪನದು. ಬಾಗಿಲು, ಕಿಟಕಿ, ಕುರ್ಚಿ, ಕಪಾಟು ಮಾಡಿಕೊಡುತ್ತೇವೆ. ನಡುವೆ ಗರಗಸದ ಮಿಷನ್ ಇದೆ. ಮೇಜಿನ ಸೀಳಿನಿಂದ ಬ್ಲೇಡು ಮೇಲೆದ್ದು ತಿರುಗುತ್ತದೆ, ಅದರ ಮೇಲೆ ಟೊಪ್ಪಿಗೆಯ ಹಾಗೆ ಒಂದು ಗಾರ್ಡು. ಅಪ್ಪ ಯಾವುದಕ್ಕೂ ಹೆಚ್ಚು ಮಾತಾಡುವವರಲ್ಲ, ಆದರೆ ಅವರದೊಂದು ಕಟ್ಟಳೆ ಇತ್ತು: ಗಾರ್ಡ್ ತೆಗೆದವನು ಇನ್ನು ಜನ್ಮದಲ್ಲಿ ಮಿಷನ್ ಮುಟ್ಟಕೂಡದು. ಮಿಷನ್ನಿನ ಬೀಗದ ಕೀಲಿ ನನ್ನ ಸೊಂಟದಲ್ಲಿ ಇರುತ್ತಿತ್ತು. ದೊಡ್ಡ ಮಗ ಎಂಬ ನಂಬಿಕೆಯಿಂದ ಕೊಟ್ಟದ್ದು.

ಅವತ್ತು ಬೆಳಗ್ಗೆ ನಾನು ತೆಳ್ಳನೆಯ ಪಟ್ಟಿ ಸೀಳುತ್ತಿದ್ದೆ. ತೆಳ್ಳನೆಯ ಪಟ್ಟಿಗೆ ಗಾರ್ಡು ಅಡ್ಡ ಬರುತ್ತದೆ. ಎರಡು ಬೋಲ್ಟ್ ಬಿಚ್ಚಿ, ಗಾರ್ಡು ತೆಗೆದು ಹಲಗೆಗಳ ಹಿಂದೆ ಇಟ್ಟೆ. ಹತ್ತು ನಿಮಿಷದ ಕೆಲಸ, ಅಪ್ಪ ಬರುವಷ್ಟರಲ್ಲಿ ಮತ್ತೆ ಕೂರಿಸಿದರಾಯಿತು ಎಂದುಕೊಂಡೆ. ಅಷ್ಟರಲ್ಲಿ ಕಪಾಟು ಕೇಳಿದ್ದ ಗಿರಾಕಿ ಹೊರಗೆ ಬಂದು ಕರೆದ. ಅವನ ಜೊತೆ ಮಾತಿಗೆ ನಿಂತೆ. ಅಷ್ಟು ಹೊತ್ತಿಗೆ ಕುರ್ಚಿಯ ಕಾಲು ಕತ್ತರಿಸಲು ತಮ್ಮ ಒಳಗೆ ಬಂದ. ಅವನು ಎಲ್ಲವನ್ನೂ ಬೇಗ ಮಾಡುವವನು. ಎಡಗೈಯ ಎರಡು ಬೆರಳು, ನಡುವಿನದು ಮತ್ತು ಉಂಗುರದ್ದು, ನಡುಗೆಣ್ಣಿನವರೆಗೆ ಹೋದವು.

ಆಸ್ಪತ್ರೆಯ ಮೊಗಸಾಲೆಯಲ್ಲಿ ಅಪ್ಪ ಕೇಳಿದರು, “ಗಾರ್ಡ್ ತೆಗೆದೋನು ಯಾರು?”

“ಗೊತ್ತಿಲ್ಲಪ್ಪ. ಅವನೇ ಇರ್ಬೇಕು,” ಎಂದೆ.

ಅಷ್ಟೇ ಹೇಳಿದ್ದು. ತಮ್ಮ ಆಗ ಒಳಗೆ ಪ್ರಜ್ಞೆಯಿಲ್ಲದೆ ಮಲಗಿದ್ದ. ಅವನು ಮನೆಗೆ ಬರುವಷ್ಟರಲ್ಲಿ ನನ್ನ ‘ಇರ್ಬೇಕು’ ಎಲ್ಲರ ಬಾಯಲ್ಲೂ ‘ಹೌದು’ ಆಗಿಹೋಗಿತ್ತು. ಅಪ್ಪ ಹೊಸ್ತಿಲಲ್ಲೇ ನಿಂತು, “ನೂರು ಸಲ ಬಡ್ಕೊಂಡಿದ್ದೆ ನಿನಗೆ. ಇನ್ಮೇಲೆ ಮಿಷನ್ ಕಡೆ ಕಾಲಿಡಬೇಡ,” ಎಂದರು. ತಮ್ಮ ಅಪ್ಪನನ್ನು ನೋಡಲಿಲ್ಲ, ನನ್ನನ್ನು ನೋಡಿದ. ನಾನು ಕೈಯಲ್ಲಿದ್ದ ಔಷಧಿ ಚೀಲ ನೋಡಿಕೊಂಡೆ. ಅಂದಿನಿಂದ ಅವನು ಹಿಂದಿನ ಕೋಣೆಯಲ್ಲಿ ಉಜ್ಜುಕಾಗದ ಹಿಡಿದು ಪಾಲಿಶ್ ಕೆಲಸ ಮಾಡುತ್ತಾನೆ. ನಾನು ನಿಜ ಹೇಳಲು ದಿನವೂ ಬಾಯಿ ತೆರೆದೆ, ದಿನವೂ ಅದೇ ಬಾಯಲ್ಲಿ ಬೇರೇನನ್ನೋ ಹೇಳಿದೆ. ಇದಕ್ಕೆ ಹೇಡಿತನಕ್ಕಿಂತ ಒಳ್ಳೆಯ ಹೆಸರು ನನಗೆ ಸಿಕ್ಕಿಲ್ಲ.

ಬೆರಳು ಹೋಗುವ ಮೊದಲು ಅವನು ಗಿಟಾರ್ ನುಡಿಸುತ್ತಿದ್ದ. ಸುಮ್ಮನೆ ಟ್ರಿಂವ್ ಟ್ರಿಂವ್ ಅನ್ನಿಸುವುದಲ್ಲ. ಗೆಳೆಯರ ತಂಡ ಕಟ್ಟಿಕೊಂಡು ಬಾಡಿಗೆ ಹಾಲುಗಳಲ್ಲಿ ನುಡಿಸುತ್ತಿದ್ದ, ಜನ ಕುರ್ಚಿ ಬಿಟ್ಟು ಏಳುತ್ತಿದ್ದರು. ತಂತಿ ಒತ್ತುವುದು ಎಡಗೈ. ಆ ಕೈಯೇ ಹೋಯಿತು. ಹಳೆಯ ಗಿಟಾರ್ ಕಪಾಟಿನ ಮೇಲೆ ಬಟ್ಟೆ ಮುಚ್ಚಿಕೊಂಡು ಮಲಗಿತು.

ಒಂದು ದಿನ ಅಮ್ಮ ಎಲ್ಲಿಂದಲೋ ಕೇಳಿಕೊಂಡು ಬಂದಳು. “ಎಡಚರಿಗೆ ಅಂತಲೇ ಗಿಟಾರ್ ಇರುತ್ತಂತೆ ಕಣೋ. ತಂತಿ ಎಲ್ಲ ಅದಲು ಬದಲಂತೆ. ಬಲಗೈಲಿ ಒತ್ತೋದು, ಎಡಗೈಲಿ ಮೀಟೋದು. ಮೀಟೋಕೆ ಹೆಬ್ಬೆರಳು, ತೋರು ಬೆರಳು ಇದ್ರೆ ಸಾಕಲ್ವಾ?”

“ಅವನೇನಂದ?” ಎಂದು ಕೇಳಿದೆ.

“ತರಿಸೋದಾದ್ರೆ ತರಿಸ್ಲಿ ಅಂದ.”

ಆ ಒಂದು ಮಾತನ್ನು ನಾನು ಹಿಡಿದುಕೊಂಡ ಪರಿ ನನಗೇ ನಾಚಿಕೆ. ತರಿಸ್ಲಿ ಎಂದನಂತೆ! ಅಂದರೆ ನಾನು ತರಿಸಿದ್ದನ್ನು ಮುಟ್ಟುತ್ತಾನೆ, ನುಡಿಸುತ್ತಾನೆ, ಒಂದು ದಿನ ಮಾತೂ ಆಡುತ್ತಾನೆ. ನಿಜ ಹೇಳದೆಯೇ ಎಲ್ಲ ಸರಿಹೋಗುವ ದಾರಿ ಒಂದು ಸಿಕ್ಕಿತಲ್ಲ ಎಂದು ಕುಣಿದಾಡಿದೆ. ಊರಿನ ಅಂಗಡಿಗಳಲ್ಲಿ, “ಎಡಗೈದಾ? ಯಾರು ಕೇಳ್ತಾರೆ ಸಾರ್ ಅದನ್ನ,” ಎಂದು ಕಳಿಸಿದರು. ಹೊರದೇಶದ ವೆಬ್‌ಸೈಟೊಂದರಲ್ಲಿ ನಂಬಲಾಗದಷ್ಟು ಅಗ್ಗಕ್ಕೆ ಸಿಕ್ಕಿತು. ಪಾರ್ಸೆಲ್ ಮೇಲೆ ಅವನ ಹೆಸರೇ ಇರಲಿ, ನೋಡಿ ಖುಷಿಪಡಲಿ ಎಂದು ಅವನ ಹೆಸರಲ್ಲೇ ತರಿಸಿದೆ. ಫಾರಂ ಮಾತ್ರ ನಾನೇ ತುಂಬಿದೆ, ಅಮ್ಮನ ಕೈಲಿ ಕೊಟ್ಟು ಅವನ ಸಹಿ ಹಾಕಿಸಿದೆ. ಉಳಿದದ್ದನ್ನು ಹೇಳಿಯಾಗಿದೆ.

ನೋಟಿಸು ಹಿಡಿದು ಕಸ್ಟಮ್ಸ್ ಕಚೇರಿಗೆ ಓಡಿದೆ. ಗೇಟಿನ ಪಕ್ಕ ತಗಡಿನ ನೆರಳಲ್ಲಿ ಮೇಜು ಹಾಕಿಕೊಂಡು ಒಬ್ಬ ಏಜೆಂಟ್ ಕೂತಿದ್ದ. ನನ್ನ ಫಾರಂ ಓದಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ.

“ಮರ ಅಂತ ಬರೆದಿದ್ರೆ ಸಾಕಿತ್ತಲ್ರೀ. ಇದೇನಿದು, ಮರದ ಜಾತಕ ಬರೆದಿದ್ದೀರಿ?”

“ಕೇಳಿದ್ರಲ್ಲ, ಬರೆದೆ.”

“ಇಪ್ಪತ್ತು ವರ್ಷದಿಂದ ಇಲ್ಲಿ ಕೂತಿದ್ದೀನಿ. ಕೇಳದೇ ಇದ್ದದ್ದನ್ನ ಹೇಳಿ ಸಿಕ್ಕಿಹಾಕ್ಕೊಂಡೋರನ್ನ ಈಗಲೇ ನೋಡ್ತಿರೋದು.” ಆಮೇಲೆ ನನ್ನ ಮುಖ ನೋಡಿ ಅವನಿಗೆ ಕನಿಕರ ಬಂದಿರಬೇಕು. “ನಿಜವಾಗ್ಲೂ ಬೀಟೇನಾ ಅದು?”

ಆಗ ನನಗೆ ಜೀವ ಬಂದ ಹಾಗಾಯಿತು. ಆ ಬೆಲೆಗೆ ಬೀಟೆ ಎಲ್ಲಿಂದ ಬರಬೇಕು? ಯಾವುದೋ ಕಳಪೆ ಮರಕ್ಕೆ ಬಣ್ಣ ಅದ್ದಿ ಕೂರಿಸಿರುತ್ತಾರೆ. ಹಸಿ ಬಟ್ಟೆಯಲ್ಲಿ ಉಜ್ಜಿದರೆ ಬಣ್ಣ ಬಿಡುತ್ತದೆ, ಸ್ವಲ್ಪ ಹೆರೆದರೆ ಒಳಗಿನ ಬಿಳಿ ಕಾಣುತ್ತದೆ. ಬಡಗಿಯಾಗಿ ಮಾಡಿದ ಎಡವಟ್ಟನ್ನು ಬಡಗಿಯಾಗಿಯೇ ತಿದ್ದಬಹುದು. ಏಜೆಂಟ್ ತಲೆಯಾಡಿಸಿದ. “ಹಾಗಾದ್ರೆ ತೋರಿಸಿ. ಒಳಗಿರೋ ಆಫೀಸರ್ ಮೇಡಂ ಕೆಟ್ಟೋರಲ್ಲ. ಆದ್ರೆ ಪಾರ್ಸೆಲ್ ಯಾರ ಹೆಸರಲ್ಲಿದೆಯೋ ಅವರೇ ಬಂದು ಸಹಿ ಮಾಡ್ಬೇಕು.”

ಹೀಗೆ ತಮ್ಮ ನನ್ನ ಜೊತೆ ಬಸ್ಸು ಹತ್ತಬೇಕಾಯಿತು. ಅಮ್ಮ ಹೇಳಿ ಒಪ್ಪಿಸಿದಳು. ಅವನು ಕಿಟಕಿಯ ಪಕ್ಕ ಕುಳಿತು ಎಡಗೈಯನ್ನು ಜೇಬಿನಲ್ಲಿಟ್ಟುಕೊಂಡ, ಈಗೀಗ ಅವನು ಹಾಗೇ ಕೂರುವುದು. ನಾನು ದಾರಿಯುದ್ದಕ್ಕೂ ಒಬ್ಬನೇ ಮಾತಾಡಿದೆ. ಸುಲಭದ ಕೆಲಸ, ಹೆರೆದು ತೋರಿಸಿದರೆ ಮುಗೀತು, ಮಧ್ಯಾಹ್ನದೊಳಗೆ ಗಿಟಾರ್ ಸಮೇತ ಮನೆ ಸೇರುತ್ತೇವೆ ಎಂದೆ. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿ, ನಾನು ಫೋನಿನಲ್ಲೂ ಇಲ್ಲ ಎಂದು ಗೊತ್ತಾಗಿ, ತನ್ನ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡಳು.

ಗೇಟಿನಲ್ಲಿ ಕಾವಲಿನವನು ನನ್ನ ಉಳಿ ಕಸಿದುಕೊಂಡು ಟೋಕನ್ ಕೊಟ್ಟ. “ಆಯುಧ ಒಳಗೆ ಬಿಡಲ್ಲ.” ಇದು ಆಯುಧ ಅಲ್ಲಪ್ಪಾ ಉಪಕರಣ ಎಂದರೆ ಕೇಳಲಿಲ್ಲ. ಬರಿಗೈಯಲ್ಲಿ ಒಳಗೆ ಹೋದೆವು.

ಸೂರಿನವರೆಗೆ ಪೆಟ್ಟಿಗೆಗಳು. ಟೇಪು ಹರಿಯುವ ಸದ್ದು, ತೂಕದ ಯಂತ್ರದ ಕೀ ಕೀ, ಹಳೇ ರಟ್ಟಿನ ವಾಸನೆ. ಮೇಡಂ ಐವತ್ತು ದಾಟಿದವರು, ಕನ್ನಡಕವನ್ನು ಸರದಲ್ಲಿ ಕೊರಳಿಗೆ ನೇತುಹಾಕಿದ್ದರು. ಕಡತ ತಿರುವಿ ಹೇಳಿದರು, “ನೋಡಿ, ಲ್ಯಾಬಿಗೆ ಕಳಿಸಿದ್ರೆ ತಿಂಗಳುಗಟ್ಟಲೆ ಆಗುತ್ತೆ. ಇದೊಂದು ಗಿಟಾರಿಗೆ ಅಷ್ಟೆಲ್ಲ ಯಾಕೆ? ಬೀಟೆ ಅಲ್ಲ ಅಂತ ನನಗೆ ಮನವರಿಕೆ ಆಗ್ಬೇಕು, ಇವರು ಬರೆದು ಸಹಿ ಮಾಡ್ಬೇಕು. ಆಗ ಈಗಲೇ ಬಿಡ್ತೀನಿ.”

ಪೆಟ್ಟಿಗೆ ಬಿಚ್ಚಿದರು. ಫೋಮ್ ಹಾಳೆಯೊಳಗಿನಿಂದ ಬೆಂಕಿ ಕೆಂಪಿನ ಗಿಟಾರ್ ಹೊರಬಂತು. ಬಣ್ಣದ ಅಂಚು ಒರಟಾಗಿತ್ತು, ಒಂದು ಗುಂಡಿ ಓರೆಯಾಗಿತ್ತು, ಆದರೂ ಅದು ಗಿಟಾರೇ. ತಮ್ಮ ಯಾರನ್ನೂ ಕೇಳದೆ ಎತ್ತಿಕೊಂಡ. ತಂತಿಗಳು ಸಡಿಲವಾಗಿದ್ದವು. ಎರಡು ಕಿವಿ ತಿರುಪಿ ತಂತಿ ಬಿಗಿಗೊಳಿಸಿ, ಬಲಗೈ ಬೆರಳುಗಳನ್ನು ಪಟ್ಟಿಯ ಮೇಲೆ ಒಂದೊಂದಾಗಿ ಇಟ್ಟ. ಜೇಬಿನಿಂದ ಎಡಗೈ ಹೊರಗೆ ಬಂತು. ಹೆಬ್ಬೆರಳಿನಿಂದ ಮೀಟಿದ. ಮೂರು ಸ್ವರ ತಪ್ಪಿದವು, ನಾಲ್ಕನೆಯದು ಸರಿಯಾಗಿ ಬಂತು. ಅವನ ತುಟಿಯ ತುದಿ ಮೇಲೆದ್ದಿತು. ಎಂಟು ತಿಂಗಳಲ್ಲಿ ಕಾಣದಿದ್ದ ನಗು ಅದು. ಈ ಗಿಟಾರ್ ಮನೆಗೆ ಬರದೆ ಹೋದರೆ ನಾನು ಬದುಕಿ ಪ್ರಯೋಜನವಿಲ್ಲ ಎನ್ನಿಸಿತು. ಉತ್ಪ್ರೇಕ್ಷೆಯಲ್ಲ, ಆ ಕ್ಷಣ ಹಾಗೇ ಅನ್ನಿಸಿತು.

ಮೇಡಂ ಡ್ರಾಯರಿನಿಂದ ಪೆನ್ಸಿಲ್ ಕೆತ್ತುವ ಬ್ಲೇಡ್ ಕೊಟ್ಟರು. ನಾನು ಕರವಸ್ತ್ರ ಒದ್ದೆ ಮಾಡಿ ಪಟ್ಟಿಯ ಅಂಚಿಗೆ ಉಜ್ಜಿದೆ. ಬಟ್ಟೆ ಬೆಳ್ಳಗೇ ಇತ್ತು. ಇನ್ನೊಮ್ಮೆ ಜೋರಾಗಿ ಉಜ್ಜಿದೆ. ಬೆಳ್ಳಗೇ ಇತ್ತು. ಪಟ್ಟಿಯ ತುದಿಯಲ್ಲಿ, ಕಣ್ಣಿಗೆ ಬೀಳದ ಕಡೆ ಬ್ಲೇಡ್ ಇಟ್ಟು ಎಳೆದೆ. ಉಗುರಿನಷ್ಟು ಸುರುಳಿ ಎದ್ದಿತು. ಒಳಗೆ ಬಿಳಿ ಇರಲಿಲ್ಲ. ಕಡುನೇರಳೆ ಕಂದು, ನಡುವೆ ಕಪ್ಪು ಎಳೆ. ಮೂಗಿನ ಹತ್ತಿರ ತರುವ ಮೊದಲೇ ಆ ಸಿಹಿ ವಾಸನೆ ಬಂತು.

ಹದಿನಾರನೇ ವಯಸ್ಸಿನಿಂದ ಆ ವಾಸನೆ ನನಗೆ ಗೊತ್ತು. ಕಣ್ಣು ಕಟ್ಟಿ ಬಿಟ್ಟರೂ ಹೇಳಬಲ್ಲೆ. ಯಾವ ಪುಣ್ಯಾತ್ಮನೋ ಯಾವ ಮೇಜಿನ ಉಳಿಕೆ ತುಂಡನ್ನೋ ತಂದು ಈ ಮೂರು ಕಾಸಿನ ಗಿಟಾರಿಗೆ ಅಂಟಿಸಿದ್ದ.

“ಹೇಗೆ?” ಎಂದರು ಮೇಡಂ.

“ಅಲ್ಲ ಮೇಡಂ. ಇದು ಬೀಟೆ ಅಲ್ಲ.”

“ಬಟ್ಟೆಗೆ ಬಣ್ಣ ಹತ್ತಲಿಲ್ವಲ್ಲ?”

“ಪಾಲಿಶ್ ಗಟ್ಟಿ ಹಾಕಿದಾರೆ. ಬಣ್ಣ ಒಳಗಿನವರೆಗೂ ಇಳಿದಿದೆ. ನನ್ನ ಜೀವನ ಪೂರ್ತಿ ಇದೇ ಕೆಲಸ ಮೇಡಂ, ನನಗೆ ಗೊತ್ತಾಗಲ್ವಾ? ಫಾರಂ ತುಂಬೋವಾಗ ಚಿತ್ರ ನೋಡಿ ಮೋಸ ಹೋದೆ.” ನನ್ನ ಸ್ವರ ಸ್ವಲ್ಪವೂ ನಡುಗಲಿಲ್ಲ. ಅದೇ ನನಗೆ ಈಗಲೂ ಅಸಹ್ಯ.

ಮೇಡಂ ಸುರುಳಿಯನ್ನು ಬಿಳಿ ಹಾಳೆಯ ಮೇಲಿಟ್ಟು ನೋಡಿದರು. ಅವರಿಗೆ ತಿಳಿಯಲಿಲ್ಲ, ತಿಳಿಯುವುದು ಅವರ ಕೆಲಸವೂ ಅಲ್ಲ. ಕಡತದ ಹಾಳೆಯನ್ನು ತಮ್ಮನ ಕಡೆ ತಿರುಗಿಸಿದರು. ಪೆನ್ನು ಕೊಡುವ ಮೊದಲು ಅವನ ಕೈಯತ್ತ ಅವರ ಕಣ್ಣು ಹೋಯಿತು.

“ನೀವೂ ಬಡಗೀನಾ?”

“ಆಗಿದ್ದೆ,” ಎಂದ ತಮ್ಮ.

“ಹೆಸರು ನಿಮ್ಮದು, ಸಹಿ ನಿಮ್ಮದು. ಹಾಗಾಗಿ ನಿಮ್ಮನ್ನೇ ಕೇಳ್ತೀನಿ. ಇದು ಯಾವ ಮರ?”

ತಮ್ಮ ಗಿಟಾರನ್ನು ಮೇಜಿನ ಮೇಲೆ ಮೆತ್ತಗೆ ಮಲಗಿಸಿದ. ಎಡಗೈಯ ಹೆಬ್ಬೆರಳು ತೋರುಬೆರಳಿನಲ್ಲಿ ಸುರುಳಿಯನ್ನು ಎತ್ತಿ ಮೂಗಿಗೆ ಹಿಡಿದ. ನಾನು ಮನಸ್ಸಿನಲ್ಲೇ ಅವನ ಕಾಲು ಹಿಡಿದುಕೊಂಡೆ. ಹೇಳಪ್ಪಾ, ಅಲ್ಲ ಎಂದು ಹೇಳು, ಒಂದೇ ಒಂದು ಪದ. ಅವನು ನನ್ನ ಕಡೆ ನೋಡಿದ. ಅವತ್ತು ಹೊಸ್ತಿಲಲ್ಲಿ ನೋಡಿದ ಹಾಗೆಯೇ ನೋಡಿದ. ಈ ಸಲ ನನ್ನ ಕೈಯಲ್ಲಿ ನೋಡಿಕೊಳ್ಳಲು ಔಷಧಿ ಚೀಲ ಇರಲಿಲ್ಲ.

“ಬೀಟೆ, ಮೇಡಂ,” ಎಂದ.

“ಲೋ…” ಎಂದೆ ನಾನು.

“ಒಳ್ಳೇ ಬೀಟೆ. ಹಳೇ ಮರದ್ದು,” ಎಂದ.

ಮೇಡಂ ಇಬ್ಬರನ್ನೂ ನೋಡಿದರು. ನನಗೆ ಬೈಯಬಹುದಿತ್ತು, ಕೇಸು ಹಾಕಬಹುದಿತ್ತು. ಏನೂ ಮಾಡದೆ ಬೇರೆ ಹಾಳೆ ತೆಗೆದರು, ಜಪ್ತಿಯ ಹಾಳೆ. ನಾನು ಮೇಜು ಹಿಡಿದುಕೊಂಡು ಬೇಡಿದೆ. ಪಟ್ಟಿ ಕಿತ್ತುಕೊಡುತ್ತೇನೆ, ನೀವೇ ಸುಟ್ಟುಬಿಡಿ, ಉಳಿದದ್ದನ್ನಾದರೂ ಕೊಡಿ ಎಂದೆ. “ಬಂದ ಹಾಗೇ ಇಡ್ಬೇಕು. ನನ್ನ ಕೈಲಿಲ್ಲ,” ಎಂದರು, ಅವರ ದನಿಯಲ್ಲಿ ಬೇಸರವಿತ್ತು. ತಮ್ಮ ಸಹಿ ಹಾಕಿದ. ಕೆಂಪು ಗಿಟಾರಿನ ಮೈಗೆ ಹಳದಿ ಚೀಟಿ ಅಂಟಿಸಿ ಹಿಂದಿನ ಕಪಾಟಿಗೆ ಒಯ್ದರು. ಅವನು ಬಿಗಿಗೊಳಿಸಿದ ತಂತಿ ಏನಕ್ಕೋ ತಾಗಿ ಟಿಂಯ್ ಎಂದಿತು.

ಹೊರಗೆ ಬಸ್ ಸ್ಟಾಪಿನಲ್ಲಿ ನನ್ನ ಸಿಟ್ಟು ನೆತ್ತಿಗೇರಿತು. “ಯಾಕೋ? ಯಾಕೋ ಹೀಗ್ ಮಾಡ್ದೆ? ನಿನಗೋಸ್ಕರ ತಾನೇ ನಾನು ಅಷ್ಟೆಲ್ಲ ಮಾಡಿದ್ದು? ಒಂದು ಮಾತು ಹೇಳಿದ್ರೆ ಆಗ್ತಿತ್ತು!”

ತಮ್ಮ ರಸ್ತೆ ನೋಡುತ್ತಿದ್ದ. ಅವನು ಉತ್ತರಿಸುತ್ತಾನೆಂದು ನಾನು ಅಂದುಕೊಂಡಿರಲಿಲ್ಲ.

“ಸುರುಳಿ ಮೂಸಿದಾಗ ನಿನಗೆ ಗೊತ್ತಾಯ್ತು ತಾನೇ?” ಎಂದ.

ಎಂಟು ತಿಂಗಳ ನಂತರ ನನ್ನ ಜೊತೆ ಆಡಿದ ಮೊದಲ ಮಾತು. ನನ್ನ ಸಿಟ್ಟು ಎಲ್ಲಿಗೆ ಹೋಯಿತೋ.

“ಆಯ್ತು,” ಎಂದೆ.

“ಅಲ್ಲ ಅಂತ ಹೇಳೋಕೆ ನಿನಗೆ ಒಂದು ಉಸಿರೂ ಹಿಡೀಲಿಲ್ಲ ಅಣ್ಣ. ನಾನು ಅದನ್ನೇ ನೋಡ್ತಿದ್ದೆ. ಅವತ್ತು ಆಸ್ಪತ್ರೇಲಿ ಹೇಗೆ ಹೇಳಿರ್ತೀಯ ಅಂತ ಇಷ್ಟು ದಿನ ಯೋಚನೆ ಮಾಡ್ತಿದ್ದೆ. ಹೀಗೇ ಹೇಳಿರ್ತೀಯ.”

ಅಣ್ಣ ಎಂದ. ನಾನು ಕೇಳಬೇಕೆಂದು ಹಂಬಲಿಸಿದ್ದ ಶಬ್ದ ಬಂದಾಗ ಹೀಗೆ ಬಂತು. ಬಸ್ಸು ಬಂತು, ಹತ್ತಿದೆವು. ದಾರಿಯಲ್ಲಿ ಈ ಸಲ ನಾನೂ ಮಾತಾಡಲಿಲ್ಲ. ಕಾವಲಿನವನ ಹತ್ತಿರ ಉಳಿ ಬಿಟ್ಟು ಬಂದದ್ದು ಅರ್ಧ ದಾರಿಯಲ್ಲಿ ನೆನಪಾಯಿತು, ಟೋಕನ್ ಜೇಬಿನಲ್ಲೇ ಇತ್ತು. ಇಳಿದು ವಾಪಸು ಹೋಗುವ ನೆಪ ಸಿಕ್ಕಿತು ಎಂದೂ ಒಂದು ಗಳಿಗೆ ಅನ್ನಿಸಿತು. ನನ್ನ ಬುದ್ಧಿ ಅಂಥದ್ದು. ಇಳಿಯಲಿಲ್ಲ.

ವರ್ಕ್‌ಶಾಪಿನಲ್ಲಿ ಮಿಷನ್ ಓಡುತ್ತಿತ್ತು. ಅಪ್ಪ ಹಲಗೆ ನೂಕುತ್ತಿದ್ದರು, ಮೈಯೆಲ್ಲ ಮರದ ಪುಡಿ. ಹಲಗೆ ಸೀಳಿ ಮುಗಿಯುವವರೆಗೆ ಕಾದು ನಾನೇ ಸ್ವಿಚ್ ಆರಿಸಿದೆ. ಬ್ಲೇಡು ನಿಲ್ಲಲು ಸ್ವಲ್ಪ ಹೊತ್ತು ಹಿಡಿಯಿತು.

“ಎಲ್ಲೋ ಗಿಟಾರು?” ಎಂದರು ಅಪ್ಪ.

“ಬರಲ್ಲ. ಜಪ್ತಿ ಆಯ್ತು.” ಅಲ್ಲಿಗೇ ನಿಲ್ಲಿಸಿದರೆ ಮತ್ತೆ ಬಾಯಿ ಬರುವುದಿಲ್ಲ ಎಂದು ಗೊತ್ತಿದ್ದರಿಂದ ಒಂದೇ ಉಸಿರಿಗೆ ಹೇಳಿದೆ. “ಅಪ್ಪ, ಅವತ್ತು ಗಾರ್ಡ್ ತೆಗೆದಿದ್ದು ನಾನು. ಪಟ್ಟಿ ಸೀಳೋಕೆ ತೆಗೆದು ಹಲಗೆ ಹಿಂದೆ ಇಟ್ಟಿದ್ದೆ. ಅವನಿಗೆ ಏನೂ ಗೊತ್ತಿರಲಿಲ್ಲ.”

ಅಪ್ಪ ಮಿಷನ್ ಮೇಲಿದ್ದ ಗಾರ್ಡು ನೋಡಿದರು, ನನ್ನನ್ನು ನೋಡಿದರು. ಹೊಡೆಯುತ್ತಾರೆ ಎಂದುಕೊಂಡೆ. ಹೊಡೆದಿದ್ದರೆ ನನಗೆ ಹಗುರವಾಗುತ್ತಿತ್ತು. ಅವರು ಬಾಗಿಲಲ್ಲಿ ನಿಂತಿದ್ದ ತಮ್ಮನ ಕಡೆ ತಿರುಗಿದರು.

“ನೀನಾದ್ರೂ ಯಾಕೋ ಬಾಯಿ ಬಿಡಲಿಲ್ಲ? ಎಂಟು ತಿಂಗಳು ಕಣೋ!”

“ನೀವು ನನ್ನನ್ನ ಕೇಳಲೇ ಇಲ್ವಲ್ಲಪ್ಪ,” ಎಂದ ತಮ್ಮ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. “ಯಾರೂ ಕೇಳಲಿಲ್ಲ. ಇವತ್ತು ಆ ಮೇಡಂ ಕೇಳಿದ್ರು.”

ಅಪ್ಪ ಕೈಚಾಚಿ ಹಿಂದೆ ತಡಕಾಡಿ ಹಲಗೆಗಳ ರಾಶಿಯ ಮೇಲೆ ಕುಳಿತುಬಿಟ್ಟರು. ನಾನು ಸೊಂಟದ ಕೀಲಿ ಬಿಚ್ಚಿ ಮಿಷನ್ ಮೇಲೆ ಇಟ್ಟೆ. ಯಾರೂ ಅದನ್ನು ಎತ್ತಿಕೊಳ್ಳಲಿಲ್ಲ.